ನಾಲ್ಕನೆಯ ಗೆರೆ

ಚನ್ನಯ್ಯ ತೀರಿಕೊಂಡ ಸುದ್ದಿ ಎಕ್ಕಂಬಿ ಊರಿಗೆ ತಿಳಿದ ಬೆಳಿಗ್ಗೆ, ಶವದ ಸ್ನಾನಕ್ಕೆ ನೀರು ತರಲು ಮುರಿಗೆಪ್ಪ ಊರಿನ ಮೆಟ್ಟಿಲುಬಾವಿಗೆ ಇಳಿದರು. ಗೋಡೆಯ ಗಾರೆಯ ಮೇಲೆ ಸುಣ್ಣದ ಮೂರು ಗೆರೆಗಳು ಕಂಡವು.

ಪ್ರತಿ ಬೇಸಿಗೆಯಲ್ಲಿ ನೀರು ಇಳಿದ ಮಟ್ಟಕ್ಕೆ ಒಂದು ಗೆರೆ ಎಳೆಯುವುದು ಚನ್ನಯ್ಯನ ವ್ರತ. ಅಂಥ ಇಪ್ಪತ್ತೆರಡು ಗೆರೆಗಳಿದ್ದವು. ಪಂಚಾಯ್ತಿ ಅಧ್ಯಕ್ಷರಾಗಿದ್ದಾಗ ಮುರಿಗೆಪ್ಪ, ಬಾವಿ ಚೆಂದ ಕಾಣಲೆಂದು ಅವುಗಳ ಮೇಲೆ ಗಾರೆ ಬಳಿಸಿದ್ದರು. ಆಮೇಲಿನ ಮೂರು ಬೇಸಿಗೆಯ ಗೆರೆಗಳನ್ನು ಚನ್ನಯ್ಯ ಆ ಗಾರೆಯ ಮೇಲೇ ಎಳೆದಿದ್ದ. ಕಳೆದ ತಿಂಗಳು, ಮುಂದಿನ ಮೂವತ್ತು ವರ್ಷದ ನೀರಿನ ಅಧ್ಯಯನಕ್ಕೆ ಊರುಗಳನ್ನು ಆರಿಸಲು ಬಂದ ಎಂಜಿನಿಯರು, "ಹತ್ತು ವರ್ಷದ ಅಳತೆಯಾದರೂ ಇದ್ದರೆ ಮಾತ್ರ ಹಣ" ಎಂದರು. ಸಭೆಯಲ್ಲಿ ಚನ್ನಯ್ಯ ಬಾಯಿ ಬಿಡಲಿಲ್ಲ. ಮುರಿಗೆಪ್ಪನವರೂ ಬಿಡಲಿಲ್ಲ. ಪಟ್ಟಿಯಿಂದ ಊರಿನ ಹೆಸರು ಬಿಟ್ಟುಹೋಯಿತು.

ಚನ್ನಯ್ಯನ ಮನೆಯಂಗಳದಲ್ಲಿ ಕೊಡ ಇಳಿಸಿ ಮುರಿಗೆಪ್ಪ ಅವನ ಹೆಂಡತಿಯ ಮುಂದೆ ತಲೆ ತಗ್ಗಿಸಿದರು. "ಪಾರ್ವತವ್ವ, ತಪ್ಪು ನಂದು. ಗಾರಿ ಕೆಳಗ ಇಪ್ಪತ್ತೆರಡು ವರ್ಷದ ಗೆರಿ ಅದಾವು ಅಂತ ಅವತ್ತ ಸಭೆದಾಗ ಹೇಳಬೇಕಿತ್ತು."

"ಅವ್ರು ಮನಸ್ನ್ಯಾಗ ಇಟ್ಕೊಂಡಿರಲಿಲ್ರಿ ಅಣ್ಣಾರ. 'ಹೊಸ ಗಾರಿ ಮ್ಯಾಲೆ ಗೆರಿ ಚಂದ ಕಾಣ್ತಾವು' ಅಂತ ನಗತಿದ್ರು. ಈ ವರ್ಷದ್ದೊಂದು ಉಳೀತು ನೋಡ್ರಿ."

ಮುರಿಗೆಪ್ಪ ಗೋಡೆಯ ಗೂಡಿನಲ್ಲಿದ್ದ ಚನ್ನಯ್ಯನ ಸುಣ್ಣದ ಡಬ್ಬಿ ತೆಗೆದುಕೊಂಡು ಮತ್ತೆ ಬಾವಿಗೆ ಇಳಿದರು. ಬೆರಳಿನಿಂದ ನೀರಿನ ಅಂಚಿಗೆ ಗೆರೆ ಎಳೆದು ಕೈಮುಗಿದರು.

"ಶಿವನೇ, ಚನ್ನಯ್ಯನನ್ನು ನಿನ್ನ ಪಾದದಲ್ಲಿ ತಣ್ಣಗಿಡು."