ಗೌಡರ ಕೊಟ್ಟಿಗೆಯ ಪಂಪು

ಒಂದಾನೊಂದು ಕಾಲದಲ್ಲಿ, ನೀರೆತ್ತುವ ಪಂಪುಗಳಿಗೆ ಇನ್ನೂ ಜೀವವಿದ್ದಾಗ, ಕಬ್ಬಿನ ಸೀಮೆಯಲ್ಲಿ ತಂಗೆವ್ವ ಎಂಬವಳಿದ್ದಳು. ಸರಕಾರ ಪುಕ್ಕಟೆ ಮೇವು ಹಾಕಿದಷ್ಟೂ ಪಂಪುಗಳು ಸೊಂಡಿಲನ್ನು ನೆಲದೊಳಗೆ ಇಳಿಸಿ ಕುಡಿದವು. ಊರಿನ ಸಿಹಿನೀರ ಬಾವಿ ಬತ್ತಿತು. ಕಡೆಗೆ ಮೇವು ನಿಲ್ಲಿಸಿ, ಸಾಕಿದವರೇ ಪಂಪು ಕಡಿಯಬೇಕೆಂಬ ಕಾನೂನು ಬಂತು. ಮೊದಲು ಯಾರು ಎಂದು ಜನ ಮುಖ ಮುಖ ನೋಡಿಕೊಂಡರು.

“ನಂದ ಮೊದಲ,” ಅಂದಳು ತಂಗೆವ್ವ. “ಆದರ ಊರಾಗ ಒಂದೂ ಉಳಸಂಗಿಲ್ಲ. ಬಾವಿ ಮುಟ್ಟಿ ಹೇಳ್ತೀನಿ.”

ಅವಳ ಪಂಪು ಸೊಂಡಿಲೆತ್ತಿ ಸೆರಗು ಮೂಸುತ್ತಿರುವಾಗಲೇ ಅದರ ಕುತ್ತಿಗೆಗೆ ಅವಳ ಕೊಡಲಿ ಬಿತ್ತು. ಆಮೇಲೆ ಉಳಿದವರೂ ತಮ್ಮ ತಮ್ಮ ಪಂಪು ಕಡಿದರು. ಮಧ್ಯಾಹ್ನದೊಳಗೆ ಓಣಿಗಳಲ್ಲಿ ನೀರು ಬೆರೆತ ರಕ್ತ ಹರಿಯಿತು.

ಉಳಿದದ್ದು ಮಲ್ಲನಗೌಡರ ಕೊಟ್ಟಿಗೆಯ ಪಂಪು. ಆನೆಯಷ್ಟು ದಪ್ಪ, ಕೊರಳಲ್ಲಿ ಸರಕಾರದ ಹಿತ್ತಾಳೆ ಬಿಲ್ಲೆ.

“ದೊಡ್ಡ ಹೊಲದವರಿಗೆ ವಿನಾಯ್ತಿ ಐತಿ, ತಂಗೆವ್ವಾ,” ಗೌಡರು ಎಲೆ ಮಡಿಚುತ್ತ ನಕ್ಕರು. “ಕಾನೂನು ಬರಿಯೋ ಕಮಿಟ್ಯಾಗ ನಾನೂ ಇದ್ನಲ್ಲ!”

“ಇದ್ದಿರಿ ಬಿಡ್ರಿ. ಬಾವಿಗೆ ಓದಾಕ ಬರಂಗಿಲ್ಲಲ್ಲ, ಗೌಡ್ರ.”

ಅವಳು ಒಳಗೆ ನುಗ್ಗಿದಳು. ಆಳುಗಳು ಬಡಿಗೆ ಬೀಸಿ ಅವಳ ಎಡಗೈ ಮುರಿದರು. ಅಷ್ಟರಲ್ಲಿ, ಬೆಳಿಗ್ಗೆ ತಮ್ಮ ತಮ್ಮ ಪಂಪು ಕಡಿದು ಅತ್ತವರೆಲ್ಲ ಅದೇ ಕೊಡಲಿ ಹಿಡಿದು ಗೋಡೆ ಹಾರಿ ಬಂದು ಆಳುಗಳ ಮೇಲೆ ಬಿದ್ದರು. ತಂಗೆವ್ವ ಬಲಗೈಯೊಂದರಲ್ಲೇ ಕಡಿದಳು, ಬಿಲ್ಲೆ ಸೀಳಿತು, ಮತ್ತೆ ಕಡಿದಳು. ತುಂಡಾದ ಸೊಂಡಿಲು ಹಾವಿನಂತೆ ಹೊರಳಿ ತಣ್ಣಗಾಯಿತು.

ದೂರದಲ್ಲಿ ಬಾವಿ ಗುಳುಗುಳು ಎಂದಿತು.

“ಗೌಡ್ರ, ನಿಮ್ಮ ಮನಿಯವರಿಗೂ ಕೊಡ ತರಾಕ ಹೇಳ್ರಿ,” ಎಂದು ತಂಗೆವ್ವ ಕೊಡಲಿ ಕೆಳಗಿಟ್ಟಳು.