ಆನೆಯ ಬೆನ್ನ ಮೇಲಿನ ಹಲ್ಲು

ತಂಗಿಯ ಹೊಲಿಗೆ ಡಬ್ಬಿಯಲ್ಲಿ, ಗುಂಡಿಗಳ ನಡುವೆ, ಆನೆ ಬಿದ್ದಿತ್ತು. ಹೆಬ್ಬೆರಳಿನಷ್ಟು ಎತ್ತರದ ಕೆಂಪು ಪ್ಲಾಸ್ಟಿಕ್ಕಿನ ಸರ್ಕಸ್ ಆನೆ. ಅಣ್ಣ ಅದನ್ನು ಥಟ್ಟನೆ ಎತ್ತಿಕೊಂಡ. ಅವನ ಅಂಗಿಗೇ ಗುಂಡಿ ಹಾಕಲು ಸೂಜಿಗೆ ದಾರ ಪೋಣಿಸುತ್ತಿದ್ದ ತಂಗಿ ತಲೆಯೆತ್ತಿದಳು.

"ಕಳ್ಳಿ," ಎಂದ. "ನಲವತ್ತು ವರ್ಷದಿಂದ ಹುಡುಕ್ತಿದ್ದೀನಿ ಕಣೇ ಇದನ್ನ."

ಸೋಪಿನ ಪುಡಿಯ ಪೊಟ್ಟಣಕ್ಕೊಂದರಂತೆ ಬರುತ್ತಿದ್ದ ಎಂಟು ಬೊಂಬೆಗಳು. ಪುಡಿಯೊಳಗೆ ಕೈಹಾಕಿ ತಡಕುವಾಗ ಬರುತ್ತಿದ್ದ ಸೀನು, ಬೊಂಬೆಗೆ ಅಂಟಿಕೊಂಡಿರುತ್ತಿದ್ದ ವಾಸನೆ, ಎಲ್ಲ ಅವನ ಮೂಗಿನಲ್ಲಿ ಇನ್ನೂ ಇದ್ದವು. ಮನೆ ಬದಲಿಸುವಾಗ ಬೊಂಬೆಗಳು ಕಳೆದುಹೋದವು. ಹಳೆ ಸಾಮಾನಿನ ಅಂಗಡಿಗಳನ್ನು ಅಲೆದು ಅಂಥವೇ ಏಳನ್ನು ಕೂಡಿಸಿದ್ದ. ಆನೆ ಮಾತ್ರ ಸಿಕ್ಕಿರಲಿಲ್ಲ.

ಇದು ತನ್ನದೇ ಆನೆ ಎನ್ನುವುದಕ್ಕೆ ಅದರ ಬೆನ್ನ ಮೇಲೆ ಸಾಕ್ಷಿಯಿತ್ತು: ಹಲ್ಲು ನೆಟ್ಟ ಗುರುತು. ರೇಡಿಯೋ ಒಡೆದ ದಿನ ಅಪ್ಪ ಬೆಲ್ಟು ಬಿಚ್ಚಿದ್ದರು. ಕೂಗಿದರೆ ಇನ್ನೆರಡು ಏಟು ಬೀಳುತ್ತವೆಂದು ಅವನು ಆನೆಯನ್ನು ಕಚ್ಚಿ ಹಿಡಿದಿದ್ದ. ಹೆಂಡತಿ ಮಕ್ಕಳಿಗೆ ಈ ಕಥೆ ಬಾಯಿಪಾಠವಾಗಿತ್ತು. ತಂಗಿಗೂ ಈಗ ಏರುದನಿಯಲ್ಲಿ ಹೇಳಿದ.

"ರೇಡಿಯೋ ಒಡೆದದ್ದು ಯಾರಣ್ಣ?"

"ನಾನೇ. ಅದಕ್ಕೇ ತಾನೇ ಏಟು ಬಿದ್ದದ್ದು?"

ಅವಳು ಎಂದಿನಂತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವನಿಗೆ ಮೈ ಉರಿದುಹೋಯಿತು. ಚಿಕ್ಕಂದಿನಲ್ಲಿ ಇವಳಿಗೆ 'ಕಿಟಕಿ' ಎಂದು ಹೆಸರಿಟ್ಟು ಓಣಿಯೆಲ್ಲ ಹಾಗೇ ಕರೆಯುವಂತೆ ಮಾಡಿದವನು ಅವನು. ಈಗ ಕಳ್ಳಿ ಎಂದೂ ಕರೆಸುತ್ತೇನೆ ಎಂದ. ಇನ್ನು ಈ ಹೊಸಿಲು ತುಳಿಯುವುದಿಲ್ಲ ಎಂದ.

ತಂಗಿಯ ನಗು ನಿಂತಿತು. "ಹಲ್ಲಿನ ಕೆಲಸದವನು ನೀನು. ಹಲ್ಲನ್ನೇ ಕೇಳು. ನಿಂದೇ ಅಂತ ಹೇಳಿದರೆ ಆನೆ ಇಟ್ಕೋ, ಈ ಕಡೆ ಬರಲೂಬೇಡ. ಅಲ್ಲ ಅಂದರೆ ತಂದು ನನ್ನ ಕೈಗೆ ಕೊಟ್ಟು, ಊಟ ಮಾಡ್ಕೊಂಡು ಹೋಗು."

ಕಟ್ಟುಹಲ್ಲು ಮಾಡುವುದು ಅವನ ಕಸುಬು. ಬಾಯಿಯ ಅಚ್ಚು ನೋಡಿಯೇ ಇದು ಇಂಥವರದು ಎನ್ನಬಲ್ಲವನು. ಅವನ ಸ್ವಂತ ಹಲ್ಲುಗಳೋ, ದಾಳಿಂಬೆ ಕಾಳಿನಂತೆ ಒತ್ತೊತ್ತಾಗಿದ್ದವು. ಅಮ್ಮ ನಾಲ್ಕು ಜನರ ಮುಂದೆ ಬಾಯಿ ತೆರೆಸಿ ತೋರಿಸುತ್ತಿದ್ದಳು.

ನೇರ ತನ್ನ ಕೆಲಸದ ಕೋಣೆಗೆ ಹೋದ. ಮೇಜಿನ ಮೇಲೆ ಏಳು ಬೊಂಬೆಗಳು ಸಾಲಾಗಿ ಕಾದಿದ್ದವು. ಆನೆಯ ಬೆನ್ನಿಗೆ ಎಣ್ಣೆ ಸವರಿದ. ಪ್ಲಾಸ್ಟರ್ ಕಲಸಿ ಗುರುತಿನ ಮೇಲೆ ಸುರಿದ. ಅದು ಗಟ್ಟಿಯಾಗುವಷ್ಟು ಹೊತ್ತೂ, ಅಚ್ಚನ್ನು ಅವಳ ಮುಖಕ್ಕೆ ಹಿಡಿದು ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡ.

ಅಚ್ಚು ಬಿಡಿಸಿ ಬೆಳಕಿಗೆ ಹಿಡಿದ.

ಮಗುವಿನ ಎದುರು ಹಲ್ಲೆರಡು ಸ್ಪಷ್ಟವಾಗಿ ಎದ್ದು ಬಂದಿದ್ದವು. ಅವುಗಳ ನಡುವೆ ಅಕ್ಕಿಕಾಳು ತೂರುವಷ್ಟು ಸಂದು. ಆ ಸಂದು ನೋಡಿಯೇ ಅವನು ತಂಗಿಗೆ ಕಿಟಕಿ ಎಂದು ಹೆಸರಿಟ್ಟಿದ್ದ.

ರೇಡಿಯೋ ಒಡೆದದ್ದು ಮಾತ್ರ ಅವನೇ.