ಅಟ್ಟದ ಏಣಿ

"ಸರಿ, ತೀರ್ಮಾನ ಆದಂಗೇ. ಅಂಕಮ್ಮಾ, ಅಟ್ಟದಿಂದ ಒಂದು ಕಾಯಿ ಇಳಿಸವ್ವ. ನಿನ್ ಮಗ ದೇವ್ರ ಮುಂದೆ ಒಡೀಲಿ, ಗಂಡ ಹೆಂಡ್ತಿ ಒಂದೊಂದು ಹೋಳು ತಿನ್ಲಿ. ನಮಗೂ ತೋಟದ ಕೆಲ್ಸ ಐತೆ" ಎಂದು ಊರಿನ ಹಿರಿಯ ಗಂಗಯ್ಯ ಹೆಗಲ ಮೇಲಿನ ಟವೆಲ್ಲು ಕೊಡವಿದ.

ಜಗಲಿಯ ಮೇಲೆ ಅಂಕಮ್ಮನ ಮಗ ಸಣ್ಣತಿಮ್ಮಯ್ಯ ಮಿಂದು, ಒಗೆದ ಪಂಚೆ ಉಟ್ಟು, ಕುಂಕುಮ ಇಟ್ಟುಕೊಂಡು ಮದುವೆ ಗಂಡಿನ ಹಾಗೆ ಕೂತಿದ್ದ. ಶೆಟ್ಟಿಕೆರೆಯ ಸಾರಾಯಿ ಅಂಗಡಿಯವನು ನೋಡಿದ್ದರೂ ಗುರುತು ಹಿಡಿಯುತ್ತಿರಲಿಲ್ಲ. ಸೊಸೆ ಚಿಕ್ಕಗೌರಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಕೆಳತುಟಿ ಊದಿತ್ತು, ಮುರಿದ ಎಡಗೈ ಹಳೇ ಸೀರೆಯ ಜೋಲಿಯಲ್ಲಿ ನೇತಾಡುತ್ತಿತ್ತು. ತುರುವೇಕೆರೆ ಕಡೆಯಿಂದ ಬಂದಿದ್ದ ಅವಳ ಅಣ್ಣ ರಂಗಪ್ಪ ತಲೆ ತಗ್ಗಿಸಿ ಕೂತವನು ಎತ್ತಿರಲಿಲ್ಲ.

ಆ ಊರಿನಲ್ಲಿ ಗಂಡ ಹೆಂಡಿರ ಜಗಳ ಮುಗಿಯುತ್ತಿದ್ದದ್ದೇ ಹೀಗೆ. ಇನ್ನು ಮೈ ಮುಟ್ಟುವುದಿಲ್ಲ ಎಂದು ಹೇಳಿ ಗಂಡ ಮನೆದೇವರ ಮುಂದೆ ಕಾಯಿ ಒಡೆಯಬೇಕು. ಕಾಯಿ ಚೆನ್ನಾಗಿದ್ದರೆ ದೇವರು ಒಪ್ಪಿದ ಹಾಗೆ, ಹೆಂಡತಿ ಮರುಮಾತಿಲ್ಲದೆ ಒಳಗೆ ಹೋಗಬೇಕು. ಕೆಟ್ಟಿದ್ದರೆ ಅವಳನ್ನು ಆ ಮನೆಯಲ್ಲಿ ಇರು ಎನ್ನಲು ಯಾರಿಗೂ ಬಾಯಿಲ್ಲ. ತೆಂಗಿನ ಸೀಮೆಯಲ್ಲಿ ದೇವರ ಮುಂದಕ್ಕೆ ಕೆಟ್ಟ ಕಾಯಿ ತರುವವರುಂಟೇ? ಹಾಗಾಗಿ ದೇವರು ಯಾವಾಗಲೂ ಗಂಡಂದಿರ ಮಾತನ್ನು ಒಪ್ಪುತ್ತಲೇ ಬಂದಿದ್ದ.

"ಗಂಗಣ್ಣಾ, ಇವನು ಹೋದ ವರ್ಷಾನೂ ಹಿಂಗೇ ಕಾಯಿ ಒಡ್ದವ್ನೆ. ಹುಡುಗಿ ಸಾಯ್ತಾಳೆ, ಕಳ್ಸಿಬುಡ್ರಪ್ಪ" ಎಂದಳು ಅಂಕಮ್ಮ.

"ಹೆತ್ತವ್ವ ಆಡೋ ಮಾತೇ ಇದು? ಯಾವ ಗಂಡ್ಸು ಕೈ ಮಾಡಿಲ್ಲ? ನಿನ್ ಗಂಡ ಹೊಡೀಲಿಲ್ವಾ?"

"ಹೊಡ್ದ."

"ಮತ್ತೆ? ನೀನು ಬಾಳ್ಲಿಲ್ವಾ?"

ಬಾಳಿದ್ದು ನಿಜ. ಅದನ್ನು ಬಾಳು ಅನ್ನುವುದಾದರೆ. ಅಂಕಮ್ಮ ರಂಗಪ್ಪನ ಮುಖ ನೋಡಿದಳು. ಅವನು ನೆಲ ನೋಡುತ್ತಲೇ, "ಕರ್ಕೊಂಡ್ಹೋಗೋಕೆ ನಂಗೇನ್ ಅಡ್ಡಿಯಿಲ್ಲ ಅತ್ತೆ. ದೇವ್ರು ಒಪ್ಪಿದ್ಮೇಲೂ ಕರ್ಕೊಂಡ್ಹೋದ್ರೆ ಜನ ಉಗೀತಾರೆ" ಎಂದ.

ಅಂಕಮ್ಮ ಒಳಗೆ ಹೋಗಿ ಏಣಿ ಹತ್ತಿದಳು. ಮಗ ಕುಡಿದು ಬಂದ ದಿನವೆಲ್ಲ ಸೊಸೆಯನ್ನು ಇದೇ ಏಣಿಯಿಂದ ಅಟ್ಟ ಹತ್ತಿಸಿ, ಏಣಿಯನ್ನು ಹಿತ್ತಿಲ ಹುಲ್ಲಿನ ಮೆದೆಯ ಹಿಂದೆ ಬಚ್ಚಿಟ್ಟು, ತಾನು ಬಾಗಿಲಲ್ಲಿ ಕೂರುತ್ತಿದ್ದಳು. ಅವನು ಕೂಗಾಡಿ ಸುಸ್ತಾಗಿ ಬಿದ್ದುಕೊಳ್ಳುತ್ತಿದ್ದ. ಮೊನ್ನೆ ಅಂಕಮ್ಮ ಹೊನ್ನವಳ್ಳಿಗೆ, ತಂಗಿಯ ಮನೆಯ ನಾಮಕರಣಕ್ಕೆ ಹೋಗಿದ್ದಳು. ಸೊಸೆ ಒಬ್ಬಳೇ ಅಟ್ಟ ಹತ್ತಿ ಏಣಿ ಎಳೆದುಕೊಳ್ಳುವಷ್ಟರಲ್ಲಿ ಅವನು ಏಣಿಯ ಕಾಲು ಹಿಡಿದು ಜಗ್ಗಿದ್ದ. ಏಣಿಯ ಜೊತೆಗೇ ಅವಳೂ ಕೆಳಗೆ ಬಿದ್ದಿದ್ದಳು. ಯಾಕಾದರೂ ಹೋದೆನೋ ಎಂದು ಅಂಕಮ್ಮ ಅವತ್ತಿನಿಂದ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ಒಳಗಿನ ನೀರು ಇಂಗಿ ಕೊಬ್ಬರಿ ಗಡಗಡ ಅನ್ನುವವರೆಗೂ ಅವು ಅಲ್ಲೇ ಇರಬೇಕು. ಏಣಿಯ ಬದಿಗೆ ಈಚೆಗೆ ಏರಿಸಿದ, ಇನ್ನೂ ನೀರಿರುವ ಕಾಯಿಗಳಿದ್ದವು. ಅಂಕಮ್ಮ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಚೆನ್ನಾಗಿತ್ತು. ಪಕ್ಕಕ್ಕಿಟ್ಟಳು. ಇನ್ನೊಂದನ್ನು ಎತ್ತಿದಳು. ಅದೂ ಚೆನ್ನಾಗಿತ್ತು. ಅದನ್ನೂ ಪಕ್ಕಕ್ಕಿಟ್ಟಳು.

"ಒಂದು ಕಾಯಿಗೆ ಇಷ್ಟೊತ್ತಾ ಅಂಕಮ್ಮಾ?" ಗಂಗಯ್ಯ ಹೊರಗಿನಿಂದ ಕೂಗಿದ.

"ದೇವ್ರಿಗಲ್ವೇನಪ್ಪಾ, ನೋಡಿ ತರ್ಬೇಕು" ಎಂದಳು ಅಂಕಮ್ಮ.

ಕೊನೆಗೆ ಕೈಗೆ ಹಗುರವಾಗಿ, ಮಂಕಾಗಿ ಕುಲುಕುವ ಒಂದು ಕಾಯಿ ಸಿಕ್ಕಿತು. ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಇಳಿದಳು. ಬೆಳಗಿನಿಂದ ಕುಡಿಯದ ಸಣ್ಣತಿಮ್ಮಯ್ಯನಿಗೆ ಇದೊಂದು ಮುಗಿದರೆ ಸಾಕಾಗಿತ್ತು. ಹೇಗೋ ಸಿಪ್ಪೆ ಸುಲಿದು, ಇನ್ನು ಮೈ ಮುಟ್ಟಲ್ಲ ಅಂತ ಗಡಿಬಿಡಿಯಲ್ಲಿ ಅಂದು, ಕಾಯಿಯನ್ನು ದೇವರ ಮುಂದಿನ ಕಲ್ಲಿಗೆ ಕುಕ್ಕಿದ. ಬೂದು ನೀರು ಚಿಮ್ಮಿ ಅವನ ಒಗೆದ ಪಂಚೆಯ ಮೇಲೆ ಬಿತ್ತು. ಕೊಳೆತ ವಾಸನೆಗೆ ಗಂಗಯ್ಯ ಟವೆಲ್ಲನ್ನು ಮೂಗಿಗೆ ಹಿಡಿದ. ರಂಗಪ್ಪ ಎದ್ದು ತಂಗಿಯ ಟ್ರಂಕನ್ನು ಹೆಗಲಿಗೇರಿಸಿದ.

ಚಿಕ್ಕಗೌರಮ್ಮ ಅತ್ತೆಯ ಕಾಲಿಗೆರಗಿ, ಏಳುವಾಗ ಮೆಲ್ಲಗೆ, "ಅತ್ತೆ, ನೀವೂ ಬಂದ್ಬುಡಿ. ಇನ್ಮೇಲೆ ಅವ್ರ ಕೈಗೆ ಸಿಗೋರು ನೀವೊಬ್ರೇ" ಎಂದಳು.

ಅಂಕಮ್ಮನಿಗೆ ಅದು ಗೊತ್ತಿಲ್ಲದ್ದೇನಲ್ಲ. "ಹೋಗವ್ವ, ಬಸ್ಸು ಬತ್ತದೆ" ಎಂದು ಸೊಸೆಯ ಬೆನ್ನು ಸವರಿ ಕಳಿಸಿದಳು.

ಜಗಲಿ ಖಾಲಿಯಾದ ಮೇಲೆ ಸಣ್ಣತಿಮ್ಮಯ್ಯ ತಾಯಿಯನ್ನೇ ದಿಟ್ಟಿಸಿದ. "ನೀನು ತೆಗ್ದ ಕಾಯಿ ಯಾವತ್ತೂ ಕೆಟ್ಟಿದ್ದಿಲ್ವಲ್ಲವ್ವ?"

"ವಯಸ್ಸಾಯ್ತು ಕಣ್ಲಾ. ಕಿವಿ ಮಂದ."

ಅವನು ಅಂಗಿ ಹಾಕಿಕೊಂಡು ಶೆಟ್ಟಿಕೆರೆಯ ದಾರಿ ಹಿಡಿದ.

ಹೊತ್ತು ಮುಳುಗುವ ಹೊತ್ತಿಗೆ ಅಂಕಮ್ಮ ಮುದ್ದೆ ಕಟ್ಟಿ, ಸಾರು ಕಾಯಿಸಿದಳು. ಮಗನ ತಟ್ಟೆಗೆ ಬಡಿಸಿ, ಆರದ ಹಾಗೆ ಮೇಲೊಂದು ತಟ್ಟೆ ಮುಚ್ಚಿದಳು. ದೇವರಿಗೆ ದೀಪ ಹಚ್ಚಿದಳು. ಒಂದು ಚೊಂಬು ನೀರನ್ನೂ ಕಂಬಳಿಯನ್ನೂ ತೆಗೆದುಕೊಂಡು ಅಟ್ಟ ಹತ್ತಿ, ಏಣಿಯನ್ನು ಮೇಲಕ್ಕೆ ಎಳೆದುಕೊಂಡಳು.